ಚಾಕಲೇಟು ಕಟ್ಟಿದ ಊರು

ಬೋರ್ನ್‌ವಿಟಾ ಎಂಬ ಹೆಸರನ್ನು ಕೇಳದ ಮನೆ ನಮ್ಮ ಪಟ್ಟಣಗಳಲ್ಲಿ ವಿರಳ. ಮಕ್ಕಳ ಹಾಲಿನ ಲೋಟಕ್ಕೆ ಕಂದುಬಣ್ಣ ತರುವ ಆ ಪುಡಿಯ ಡಬ್ಬಿಯನ್ನು ದಿನಕ್ಕೆರಡು ಬಾರಿ ತೆರೆಯುವ ತಾಯಂದಿರಲ್ಲಿ, ಹೆಸರಿನ ಮೊದಲರ್ಧವು ಒಂದು ಊರಿನದೆಂದು ಬಲ್ಲವರು ಕೆಲವರೇ ಇದ್ದಾರು. ಇಂಗ್ಲೆಂಡಿನ ನಡುನಾಡಿನಲ್ಲಿ, ಬರ್ಮಿಂಗ್‌ಹ್ಯಾಮ್ ಮಹಾನಗರದಿಂದ ದಕ್ಷಿಣಕ್ಕೆ ನಾಲ್ಕು ಮೈಲಿ ದೂರದಲ್ಲಿ, ಬೋರ್ನ್ ಎಂಬ ಚಿಕ್ಕ ತೊರೆಯ ಬದಿಯಲ್ಲಿ ಆ ಊರು ಇದೆ. ಅದೇ ಬೋರ್ನ್‌ವಿಲ್. ರಾಜರು ಕಟ್ಟಿಸಿದ ಊರುಗಳುಂಟು. ದೇವಾಲಯದ ಸುತ್ತ ಬೆಳೆದ ಊರುಗಳುಂಟು. ಇದು ಚಾಕಲೇಟಿನ ಲಾಭದಿಂದ ಎದ್ದು ನಿಂತ ಊರು. ವ್ಯಾಪಾರದ ಮನೆತನವೊಂದು ತನ್ನ ಸಂಪತ್ತಿನಿಂದ ಜನಕ್ಕೆ ಎಷ್ಟು ಒಳಿತನ್ನು ಮಾಡಬಲ್ಲುದು, ಆ ಒಳಿತಿನ ದೃಷ್ಟಿ ಎಲ್ಲಿಯವರೆಗೆ ನಿಚ್ಚಳವಾಗಿದ್ದು ಎಲ್ಲಿ ಮಸುಕಾಗುತ್ತದೆ ಎಂಬುದನ್ನು ಅರಿಯಬೇಕೆನ್ನುವವರು ಒಂದು ದಿನವನ್ನು ಇಲ್ಲಿ ಕಳೆಯುವುದು ಲೇಸು.

ಬರ್ಮಿಂಗ್‌ಹ್ಯಾಮಿನ ನ್ಯೂ ಸ್ಟ್ರೀಟ್ ನಿಲ್ದಾಣದಲ್ಲಿ ಲೋಕಲ್ ರೈಲನ್ನು ಹತ್ತಿದರೆ ಕಾಲು ಗಂಟೆಯೊಳಗೆ ಬೋರ್ನ್‌ವಿಲ್ ನಿಲ್ದಾಣ. ದಾರಿಯುದ್ದಕ್ಕೂ ಹಳೆಯ ಕಾಲುವೆಯೊಂದು ಹಳಿಗಳ ಜೊತೆಗೆ ಸಾಗಿಬರುತ್ತದೆ. ಊರು ಬಂದಿತೆಂಬುದನ್ನು ಫಲಕವನ್ನು ಓದಿಯೇ ತಿಳಿಯಬೇಕಾಗಿಲ್ಲ. ನಿಲ್ದಾಣದ ಕಂಬಗಳಿಗೂ ಬೇಲಿಗಳಿಗೂ ಕ್ಯಾಡ್ಬರಿ ಚಾಕಲೇಟಿನ ಹೊದಿಕೆಯ ನೇರಳೆ ಬಣ್ಣವನ್ನೇ ಬಳಿದಿದ್ದಾರೆ. ಗಾಳಿಯು ಅನುಕೂಲವಾಗಿ ಬೀಸಿದ ದಿನ ಮೂಗು ಕಣ್ಣಿಗಿಂತ ಮೊದಲೇ ಸುದ್ದಿಯನ್ನು ಹೇಳುತ್ತದೆ.

ಈ ಕಥೆಗೆ ಮೂಲಪುರುಷನು ಜಾನ್ ಕ್ಯಾಡ್ಬರಿ. 1824ರಲ್ಲಿ ಬರ್ಮಿಂಗ್‌ಹ್ಯಾಮಿನ ಬುಲ್ ಸ್ಟ್ರೀಟಿನಲ್ಲಿ ಆತ ಚಹ, ಕಾಫಿ, ಕೋಕೋ ಮಾರುವ ಅಂಗಡಿಯನ್ನು ತೆರೆದನು. ಕ್ಯಾಡ್ಬರಿಯವರು ಕ್ವೇಕರ್ ಎಂಬ ಕ್ರೈಸ್ತ ಪಂಥಕ್ಕೆ ಸೇರಿದವರು. ಆಡಂಬರ ಕೂಡದು, ಯುದ್ಧ ಕೂಡದು, ಮದ್ಯ ಕೂಡದು ಎಂಬುದು ಆ ಪಂಥದವರ ನಡೆ. ಹೆಂಡಕ್ಕೆ ಬದಲಾಗಿ ಜನ ಬಿಸಿ ಕೋಕೋ ಕುಡಿಯಲಿ ಎಂಬ ಹಂಬಲವೂ ಈ ವ್ಯಾಪಾರದ ಹಿಂದೆ ಇದ್ದಿತು. 1861ರಲ್ಲಿ ಮಕ್ಕಳಾದ ರಿಚರ್ಡ್ ಮತ್ತು ಜಾರ್ಜ್ ಉದ್ಯಮದ ಹೊಣೆಯನ್ನು ಹೊತ್ತರು. ನಗರದ ಹೊಗೆ ಮತ್ತು ಇಕ್ಕಟ್ಟುಗಳಿಂದ ದೂರವಾಗಬೇಕೆಂದು ಸೋದರರಿಬ್ಬರೂ ಹೊಲಗಳ ನಡುವೆ ಹದಿನಾಲ್ಕೂವರೆ ಎಕರೆ ನೆಲವನ್ನು ಕೊಂಡು, 1879ರಲ್ಲಿ ಕಾರ್ಖಾನೆಯನ್ನು ಅಲ್ಲಿಗೆ ತಂದರು. ಆ ಕಾಲದಲ್ಲಿ ಫ್ರಾನ್ಸಿನ ಚಾಕಲೇಟಿಗೆ ಮಾನ್ಯತೆ ಹೆಚ್ಚು. ಆದುದರಿಂದ ತೊರೆಯ ಹೆಸರಿಗೆ ಫ್ರೆಂಚರ ‘ವಿಲ್’ ಸೇರಿ ಬೋರ್ನ್‌ವಿಲ್ ಆಯಿತು.

ಕಾರ್ಖಾನೆಯ ಕೆಂಪಿಟ್ಟಿಗೆಯ ಗೋಡೆಗಳ ಮುಂದೆ ಹಸುರು ಕ್ರಿಕೆಟ್ ಮೈದಾನವು ಹರಡಿದೆ. ಕೆಲಸಗಾರರು ಆಡಲೆಂದು ಮಾಡಿಸಿದ ಮೈದಾನವಿದು. ಹೆಣ್ಣುಮಕ್ಕಳಿಗೆ ಈಜುಕೊಳ, ಶನಿವಾರ ಅರ್ಧ ದಿನದ ರಜೆ, ಮುಪ್ಪಿಗೆ ಪಿಂಚಣಿ, ಚಿಕ್ಕವಯಸ್ಸಿನವರಿಗೆ ಓದಿನ ಏರ್ಪಾಡು, ಇವೆಲ್ಲ ಕಾನೂನು ಕೇಳುವುದಕ್ಕೆ ಮುಂಚೆಯೇ ಇಲ್ಲಿಗೆ ಬಂದವು. ಈ ವಾತ್ಸಲ್ಯಕ್ಕೆ ಕಟ್ಟುಗಳೂ ಇದ್ದವು. ಗಂಡಸರು ಹೆಂಗಸರು ಬೇರೆಬೇರೆಯಾಗಿಯೇ ಕೆಲಸ ಮಾಡಬೇಕು. ಮದುವೆಯಾದ ಹೆಣ್ಣು ಕೆಲಸವನ್ನು ಬಿಡಬೇಕು. ಬಿಡುವಾಗ ಆಕೆಯ ಕೈಗೆ ಒಂದು ಬೈಬಲನ್ನೂ ಒಂದು ಕಾರ್ನೇಷನ್ ಹೂವನ್ನೂ ಕೊಟ್ಟು ಕಳುಹಿಸುತ್ತಿದ್ದರು. ಹರಸಿ ಮನೆಗೆ ಕಳುಹುವ ತಂದೆಯ ಅಕ್ಕರೆ ಅದರಲ್ಲಿ ಇದ್ದಿತು. ಮಗಳ ಇಷ್ಟವೇನೆಂದು ಕೇಳದ ತಂದೆಯ ಅಧಿಕಾರವೂ ಇದ್ದಿತು.

ಮೈದಾನವನ್ನು ದಾಟಿ ಮುಂದೆ ಹೋದರೆ ಮನೆಗಳ ಸಾಲು. ಜಾರ್ಜ್ ಕ್ಯಾಡ್ಬರಿ ಬಹುಕಾಲ ಭಾನುವಾರಗಳಂದು ಬರ್ಮಿಂಗ್‌ಹ್ಯಾಮಿನ ವಯಸ್ಕರ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದನು. ಅಲ್ಲಿಗೆ ಬರುತ್ತಿದ್ದ ಕೂಲಿಗಾರರ ಮನೆಗಳನ್ನು ಕಣ್ಣಾರೆ ಕಂಡಿದ್ದನು. ಬೆನ್ನಿಗೆ ಬೆನ್ನು ಹತ್ತಿಸಿ ಕಟ್ಟಿದ, ಹಿತ್ತಿಲಿಲ್ಲದ, ಹಿಂದಿನ ಗೋಡೆಗೆ ಕಿಟಕಿಯೇ ಇಲ್ಲದ ಗೂಡುಗಳವು. ಅಂತಹ ಒಂದು ವಠಾರವನ್ನು ನಗರದ ಹರ್ಸ್ಟ್ ಬೀದಿಯಲ್ಲಿ ಈಗಲೂ ನೋಡಲೆಂದು ಉಳಿಸಿದ್ದಾರೆ. ಬೋರ್ನ್‌ವಿಲ್ಲನ್ನು ನೋಡುವ ಮುನ್ನ ಅದನ್ನು ನೋಡಿದವನಿಗೆ ಜಾರ್ಜನ ಮನಸ್ಸು ಅರ್ಥವಾದೀತು. 1893ರಲ್ಲಿ ಆತ ಕಾರ್ಖಾನೆಯ ಹತ್ತಿರ 120 ಎಕರೆ ನೆಲವನ್ನು ಕೊಂಡನು. 1895ರಿಂದ ಮನೆಗಳು ಏಳತೊಡಗಿದವು. ಶಿಲ್ಪಿ ಅಲೆಗ್ಸಾಂಡರ್ ಹಾರ್ವೆ ಎಂಬ ತರುಣ. ನಿವೇಶನದ ಕಾಲು ಭಾಗಕ್ಕಿಂತ ಹೆಚ್ಚನ್ನು ಮನೆಯು ತಿನ್ನಬಾರದು, ಉಳಿದುದೆಲ್ಲ ತೋಟ ಎಂಬುದು ನಿಯಮ. ಒಕ್ಕಲು ಬರುವ ಮೊದಲೇ ಹಿತ್ತಿಲನ್ನು ಅಗೆದು, ಕೊನೆಯಲ್ಲಿ ಹಣ್ಣಿನ ಗಿಡಗಳನ್ನು ನೆಟ್ಟು ಕೊಡುತ್ತಿದ್ದರು. ಮನೆಗಳು ಕಾರ್ಖಾನೆಯವರಿಗೇ ಮೀಸಲಾಗಿರಲಿಲ್ಲ. ಯಾವ ಕಸುಬಿನವರಾದರೂ ಬಾಡಿಗೆಗೆ ಬರಬಹುದಾಗಿತ್ತು. ಅಂದಿನಿಂದ ಇಂದಿನವರೆಗೆ ಬೋರ್ನ್‌ವಿಲ್ಲಿನಲ್ಲಿ ಒಂದು ಪಬ್ಬೂ ಇಲ್ಲ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮೊದಲ ಮನೆಗಳನ್ನು ಜಾರ್ಜನು 999 ವರ್ಷಗಳ ಗುತ್ತಿಗೆಗೆ ಕಡಿಮೆ ಬೆಲೆಯಲ್ಲಿ ಮಾರಿದ್ದನು. ಕೊಂಡವರಲ್ಲಿ ಕೆಲವರು ಅವನ್ನು ಹೆಚ್ಚಿನ ಬೆಲೆಗೆ ಮರುಮಾರಾಟ ಮಾಡಿ ಲಾಭಗಳಿಸಿದರು. ಒಳಿತನ್ನು ಮಾಡಿದರೆ ಸಾಲದು, ಅದಕ್ಕೆ ಬೇಲಿಯನ್ನೂ ಹಾಕಬೇಕೆಂದು ಆತನಿಗೆ ಹೊಳೆಯಿತು. 1900ರ ಡಿಸೆಂಬರಿನಲ್ಲಿ ಸುಮಾರು 330 ಎಕರೆ ನೆಲವನ್ನೂ ಮುನ್ನೂರಕ್ಕೆ ಮಿಕ್ಕ ಮನೆಗಳನ್ನೂ ಬೋರ್ನ್‌ವಿಲ್ ವಿಲೇಜ್ ಟ್ರಸ್ಟಿಗೆ ಬರೆದುಕೊಟ್ಟನು. ಟ್ರಸ್ಟಿಗಳಲ್ಲಿ ಮನೆತನದವರು ಇದ್ದರಾದರೂ, ಆ ಆಸ್ತಿಯಿಂದ ಒಂದು ಕಾಸೂ ಮನೆತನಕ್ಕಾಗಲಿ ಕಂಪೆನಿಗಾಗಲಿ ಸಲ್ಲುವಂತಿರಲಿಲ್ಲ. ಬಂದ ಬಾಡಿಗೆಯೆಲ್ಲ ಮತ್ತೆ ಊರಿಗೇ. ಇಂದು ಟ್ರಸ್ಟಿನ ವಶದಲ್ಲಿ ಸುಮಾರು 1,000 ಎಕರೆ, ಸುಮಾರು 8,000 ಮನೆಗಳಿವೆ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಲಿ. ಮುಂದೆ ಅದು ಬೇಕಾಗುತ್ತದೆ.

ಊರ ನಡುವೆ ಹುಲ್ಲಿನ ಬಯಲು. ಅದರ ಸುತ್ತ ಕ್ವೇಕರರ ಸಭಾಮಂದಿರ, ಅಂಗಡಿಗಳು, ಶಾಲೆ. ಬಯಲಿನಲ್ಲಿರುವ ಎಂಟು ಮೂಲೆಯ ಪುಟ್ಟ ವಿಶ್ರಾಂತಿಗೃಹವು ಜಾರ್ಜ್ ದಂಪತಿಗಳ ವಿವಾಹದ ಬೆಳ್ಳಿಹಬ್ಬದ ನೆನಪಿಗೆ ಕೆಲಸಗಾರರೇ ಹಣ ಕೂಡಿಸಿ ಕಟ್ಟಿಸಿದ್ದು. ಶಾಲೆಯ ಗೋಪುರದಲ್ಲಿ 48 ಗಂಟೆಗಳ ‘ಕ್ಯಾರಿಲನ್’ ಇದೆ. ಬೆಲ್ಜಿಯಮಿನ ಬ್ರೂಜ್ ಪಟ್ಟಣದಲ್ಲಿ ಇಂತಹ ವಾದ್ಯವನ್ನು ಕೇಳಿ ಮನಸೋತ ಜಾರ್ಜನು 1906ರಲ್ಲಿ ಇದನ್ನು ಇಲ್ಲಿ ಹಾಕಿಸಿದನು. ಗಂಟೆಗಳ ಸಂಖ್ಯೆ ಮುಂದೆ ಬೆಳೆಯಿತು. ವಾದಕನು ಗೋಪುರದ ಮೇಲೆ ಕುಳಿತು ಮರದ ಹಿಡಿಗಳನ್ನು ಮುಷ್ಟಿಯಿಂದಲೂ ಕಾಲ್ಮಣೆಗಳನ್ನು ಪಾದಗಳಿಂದಲೂ ಒತ್ತುತ್ತಾನೆ; ತಂತಿಗಳ ಮೂಲಕ ಗಂಟೆಯ ನಾಲಗೆಗಳು ಆಡುತ್ತವೆ. ಶನಿವಾರಗಳಂದು ಕಚೇರಿ ನಡೆಸುವುದು ಇಲ್ಲಿನ ವಾಡಿಕೆ. ಟಿಕೆಟ್ಟಿಲ್ಲ, ಸಭಾಂಗಣವಿಲ್ಲ, ತೋಟದಲ್ಲಿ ಕಳೆ ಕೀಳುತ್ತಿದ್ದವರಿಗೂ ಸಂಗೀತವು ಸಲ್ಲುತ್ತದೆ. ಪಕ್ಕದಲ್ಲಿರುವ ಸೆಲ್ಲಿ ಮ್ಯಾನರ್ ಎಂಬ ಮರದ ಚೌಕಟ್ಟಿನ ಹಳೆಯ ಮನೆಯು ಬೇರೆ ಕಡೆ ಶಿಥಿಲವಾಗಿ ಬೀಳುವುದರಲ್ಲಿತ್ತು. ಅದನ್ನು ಕೊಂಡು, ಬಿಚ್ಚಿ, ತೊಲೆ ತೊಲೆಯಾಗಿ ಇಲ್ಲಿಗೆ ತಂದು ನಿಲ್ಲಿಸಿ, 1917ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದರು.

ಅಲ್ಲಿಂದ ಸೆಲ್ಲಿ ಓಕಿನ ಕಡೆಗೆ ನಡೆದರೆ ವುಡ್‌ಬ್ರೂಕ್ ಎಂಬ ಬಿಳಿಯ ಸೌಧ. ಇದು ಜಾರ್ಜನ ಸ್ವಂತ ಮನೆಯಾಗಿತ್ತು. 1903ರಲ್ಲಿ ಆತ ಇದನ್ನು ಕ್ವೇಕರರ ಅಧ್ಯಯನಕ್ಕೆ ಬಿಟ್ಟುಕೊಟ್ಟನು. 2023ರವರೆಗೆ ಆ ಸಂಸ್ಥೆ ಇಲ್ಲಿಯೇ ಇದ್ದಿತು. ಭಾರತೀಯರಿಗೆ ಈ ಮನೆ ಪರಕೀಯವಲ್ಲ. 1930ರಲ್ಲಿ ರವೀಂದ್ರನಾಥ ಠಾಕೂರರು ಇಲ್ಲಿ ತಂಗಿದ್ದರು. ಮರುವರ್ಷ ದುಂಡುಮೇಜಿನ ಪರಿಷತ್ತಿಗೆ ಬಂದಿದ್ದ ಮಹಾತ್ಮಾ ಗಾಂಧಿಯವರು ಅಕ್ಟೋಬರ್ ತಿಂಗಳಲ್ಲಿ ಇಲ್ಲಿಗೆ ಬಂದು ಉಳಿದರು.

ಹಿಂದಿರುಗುವಾಗ ಎರಡನೆಯ ನಿಲ್ದಾಣದಲ್ಲಿ ಇಳಿದರೆ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯ. ಅಲ್ಲಿನ ಕ್ಯಾಡ್ಬರಿ ಸಂಶೋಧನ ಗ್ರಂಥಾಲಯದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಪೌರಸ್ತ್ಯ ಹಸ್ತಪ್ರತಿಗಳಿವೆ. ಇರಾಕಿನಿಂದ ಬಂದ ವಿದ್ವಾಂಸ ಅಲ್ಫೋನ್ಸ್ ಮಿಂಗಾನನು 1920ರ ದಶಕದಲ್ಲಿ ಮಧ್ಯಪ್ರಾಚ್ಯದ ಊರೂರು ತಿರುಗಿ ಸಿರಿಯಾಕ್, ಅರಬ್ಬಿ ಗ್ರಂಥಗಳನ್ನು ಕೂಡಿಹಾಕಿದನು. ಹಣ ಕೊಟ್ಟವನು ಜಾರ್ಜನ ಮಗ ಎಡ್ವರ್ಡ್. ಸಂಗ್ರಹಕ್ಕೆ ಹೆಸರು ಮಾತ್ರ ಮಿಂಗಾನನದು. 2015ರಲ್ಲಿ ಈ ಸಂಗ್ರಹದ ಖುರಾನಿನ ಎರಡು ಹಾಳೆಗಳ ಚರ್ಮವನ್ನು ಪರೀಕ್ಷಿಸಿದಾಗ ಅದರ ಕಾಲ ಕ್ರಿ.ಶ. 568 ಮತ್ತು 645ರ ನಡುವಣದೆಂದು ಕಂಡುಬಂದು ಜಗತ್ತೇ ಬೆರಗಾಯಿತು. ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆಯ ನಾಡಿನವರಾದ ನಮಗೆ ಇಂತಹ ಪೋಷಣೆಯ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಇಷ್ಟನ್ನು ಕಂಡ ಪ್ರವಾಸಿಯು ತೃಪ್ತನಾಗಿ ಹಿಂದಿರುಗಬಹುದು. ಆದರೆ ಕ್ಯಾಡ್ಬರಿಯ ಕಥೆ ಪೂರ್ಣವಾಗಬೇಕಾದರೆ ನಗರದ ಕಾರ್ಪೊರೇಷನ್ ಬೀದಿಯಲ್ಲಿರುವ ಕೆಂಪು ಸುಟ್ಟಮಣ್ಣಿನ ಕುಸುರಿಯ ನ್ಯಾಯಾಲಯದ ಮುಂದೆ ಒಂದು ಕ್ಷಣ ನಿಲ್ಲಬೇಕು. ಬರ್ಮಿಂಗ್‌ಹ್ಯಾಮಿನ ಅಸೈಜ್ ನ್ಯಾಯಾಲಯದಲ್ಲಿ 1909ರ ಕೊನೆಯಲ್ಲಿ ಒಂದು ಮಾನನಷ್ಟದ ಮೊಕದ್ದಮೆ ನಡೆಯಿತು. ವಾದಿ ಕ್ಯಾಡ್ಬರಿ ಕಂಪೆನಿ. ಪ್ರತಿವಾದಿ ಲಂಡನ್ನಿನ ‘ಸ್ಟಾಂಡರ್ಡ್’ ಪತ್ರಿಕೆ.

ಹಿನ್ನೆಲೆ ಹೀಗಿದೆ. ಆಗ ಬೋರ್ನ್‌ವಿಲ್ಲಿಗೆ ಬರುತ್ತಿದ್ದ ಕೋಕೋ ಬೀಜದಲ್ಲಿ ಬಹುಪಾಲು ಆಫ್ರಿಕದ ಪಶ್ಚಿಮಕ್ಕಿರುವ ಸಾವೋ ತೋಮೆ ದ್ವೀಪದ್ದು. ಅದು ಪೋರ್ಚುಗೀಸರ ವಶದಲ್ಲಿತ್ತು. ಗುಲಾಮಗಿರಿಯು ಕಾಗದದ ಮೇಲೆ ಹೋಗಿದ್ದರೂ, ಅಂಗೋಲದ ಒಳನಾಡಿನಿಂದ ಜನರನ್ನು ಹಿಡಿತಂದು ‘ಕರಾರಿನ ಕೂಲಿ’ಗಳೆಂಬ ಹೆಸರಿನಲ್ಲಿ ಆ ತೋಟಗಳಿಗೆ ನೂಕುತ್ತಿದ್ದರು. ಕರಾರು ಐದು ವರ್ಷದ್ದು. ಮರಳಿ ಊರನ್ನು ಕಂಡವರೇ ಇಲ್ಲವೆನ್ನುವಷ್ಟು ವಿರಳ. 1901ರಲ್ಲಿ ಜಾರ್ಜನ ಅಣ್ಣನ ಮಗ ವಿಲಿಯಮ್ ಕ್ಯಾಡ್ಬರಿಯ ಕೈಗೆ ಅಲ್ಲಿನ ತೋಟವೊಂದರ ಮಾರಾಟದ ಪಟ್ಟಿ ಬಂದಿತು. ಅದರಲ್ಲಿ ಇತರ ಆಸ್ತಿಯ ಜೊತೆಗೆ ಇನ್ನೂರು ಮಂದಿ ಕೂಲಿಗಳಿಗೂ ಬೆಲೆ ಕಟ್ಟಿತ್ತು.

ಕಂಪೆನಿ ಸುಮ್ಮನೆ ಕೂರಲಿಲ್ಲ. ಪೋರ್ಚುಗಲ್ ಸರ್ಕಾರದೊಡನೆ ಮಾತನಾಡಿತು; ಬ್ರಿಟಿಷ್ ವಿದೇಶಾಂಗ ಕಚೇರಿಯ ಸಲಹೆ ಕೇಳಿತು; ಜೋಸೆಫ್ ಬರ್ಟ್ ಎಂಬವನಿಗೆ ಪೋರ್ಚುಗೀಸ್ ಕಲಿಸಿ 1905ರಲ್ಲಿ ದ್ವೀಪಕ್ಕೆ ಕಳುಹಿತು. ನಡುವೆ ಪತ್ರಕರ್ತ ಹೆನ್ರಿ ನೆವಿನ್ಸನ್ ತಾನೇ ಹೋಗಿ ಬಂದು 1906ರಲ್ಲಿ ಪುಸ್ತಕವನ್ನೇ ಬರೆದನು. ಬರ್ಟನ ವರದಿಯೂ ಅದನ್ನೇ ಸಮರ್ಥಿಸಿತು. ಆದರೂ ಖರೀದಿ ನಿಂತದ್ದು 1909ರ ಮಾರ್ಚ್ ತಿಂಗಳಲ್ಲಿ. ಮೊದಲ ಸುದ್ದಿಗೂ ಕೊನೆಯ ಮೂಟೆಗೂ ನಡುವೆ ಎಂಟು ವರ್ಷ. ಕೊಳ್ಳುವುದನ್ನು ನಿಲ್ಲಿಸಿಬಿಟ್ಟರೆ ಸುಧಾರಣೆಗೆ ಒತ್ತಾಯ ಮಾಡುವ ಹಕ್ಕೂ ಹೋಗುತ್ತದೆಂಬುದು ಕ್ಯಾಡ್ಬರಿಯವರ ವಾದ. ಅದನ್ನು ಬರಿಯ ನೆಪವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಆದರೆ ಆ ಎಂಟು ವರ್ಷ ದ್ವೀಪದಲ್ಲಿ ಸತ್ತವರಿಗೆ ಆ ವಾದದಿಂದ ಆದ ಪ್ರಯೋಜನವೇನು?

ಜಾರ್ಜನಿಗೆ ‘ಡೈಲಿ ನ್ಯೂಸ್’ ಎಂಬ ಪತ್ರಿಕೆಯೂ ಇದ್ದಿತು. ದಕ್ಷಿಣ ಆಫ್ರಿಕದ ಗಣಿಗಳಲ್ಲಿ ಚೀನೀ ಕೂಲಿಗಳನ್ನು ಗುಲಾಮರಂತೆ ದುಡಿಸುತ್ತಾರೆಂದು ಆ ಪತ್ರಿಕೆ ಗುಡುಗಿತ್ತು. ಎದುರು ಪಕ್ಷದ ‘ಸ್ಟಾಂಡರ್ಡ್’ 1908ರಲ್ಲಿ ಆ ಎಳೆಯನ್ನೇ ಹಿಡಿದು ಚುಚ್ಚಿತು: ಬೋರ್ನ್‌ವಿಲ್ಲಿನ ಹೆಣ್ಣುಮಕ್ಕಳಿಗೆ ಈಜುಕೊಳ ಕಟ್ಟಿಸಿದ ಮಹನೀಯರಿಗೆ ಸಾವೋ ತೋಮೆ ಕಾಣಲಿಲ್ಲವೇ ಎಂಬುದು ಅದರ ಬರಹದ ಸಾರ. ಊರಿಗೆ ಉಪಕಾರಿ ಮನೆಗೆ ಮಾರಿ ಎಂಬುದು ನಮ್ಮ ಗಾದೆ. ಇಲ್ಲಿ ಅದು ತಿರುವುಮುರುವಾಗಿ ಮನೆಗೆ ಉಪಕಾರಿ, ದೂರದೂರಿಗೆ ಮಾರಿ ಎಂಬ ಆರೋಪ ಬಂದಿತು. ಪತ್ರಿಕೆಯ ಪರವಾಗಿ ವಾದಿಸಿದ ಎಡ್ವರ್ಡ್ ಕಾರ್ಸನ್ ಸಾಕ್ಷಿಕಟ್ಟೆಯಲ್ಲಿ ವಿಲಿಯಮನನ್ನು ಪ್ರಶ್ನೆಗಳಿಂದ ಜರ್ಜರಗೊಳಿಸಿದನು. ಕೊನೆಗೆ ಜ್ಯೂರಿಯ ತೀರ್ಪು ಕ್ಯಾಡ್ಬರಿಯವರ ಕಡೆಗೇ ಆಯಿತು. ಪರಿಹಾರ ಮಾತ್ರ ಒಂದು ಫಾರ್ದಿಂಗ್, ಎಂದರೆ ಪೆನ್ನಿಯ ಕಾಲು ಭಾಗ. ಅಂದಿನ ವಿನಿಮಯದ ದರದಲ್ಲಿ ಅದು ನಮ್ಮ ಕಾಲಾಣೆಗೆ, ಎಂದರೆ ಮೂರು ಕಾಸಿಗೆ ಸಮ. ಮೊಕದ್ದಮೆಯನ್ನು ಗೆದ್ದರು, ಗೆದ್ದ ಮಾನದ ಬೆಲೆ ಮೂರು ಕಾಸೆಂದು ಜ್ಯೂರಿ ಹೇಳಿದಂತಾಯಿತು.

ಆಮೇಲೆ ಕಂಪೆನಿಯು ಗೋಲ್ಡ್ ಕೋಸ್ಟ್, ಎಂದರೆ ಇಂದಿನ ಘಾನಾ ದೇಶದ ಕಡೆಗೆ ತಿರುಗಿತು. ಅಲ್ಲಿ ಕೋಕೋ ಬೆಳೆಯುತ್ತಿದ್ದವರು ಸ್ವಂತ ನೆಲದ ಸಣ್ಣ ರೈತರು. ಗುಲಾಮಗಿರಿಯ ಕಳಂಕ ತೊಲಗಿತು. ಬೆಲೆಯ ಪ್ರಶ್ನೆ ಉಳಿಯಿತು. 1937ರಲ್ಲಿ ಕ್ಯಾಡ್ಬರಿಯೂ ಸೇರಿದಂತೆ ದೊಡ್ಡ ಕೊಳ್ಳುವ ಸಂಸ್ಥೆಗಳು ತಮ್ಮತಮ್ಮಲ್ಲಿ ಪೈಪೋಟಿ ಬೇಡವೆಂದು ಒಪ್ಪಂದ ಮಾಡಿಕೊಂಡಾಗ, ಆ ರೈತರು ಒಂದಾಗಿ ಬೀಜ ಮಾರುವುದನ್ನೇ ನಿಲ್ಲಿಸಿದರು. ತಿಂಗಳುಗಟ್ಟಲೆ ನಡೆದ ಆ ಮುಷ್ಕರದ ಫಲವಾಗಿ ಲಂಡನ್ನಿನಿಂದ ವಿಚಾರಣಾ ಆಯೋಗವೇ ಬರಬೇಕಾಯಿತು. ಒಂದು ಕಡೆ ಹಸ್ತಪ್ರತಿಗಳಿಗೆ ಧಾರಾಳವಾಗಿ ಸುರಿಯುವ ಕೈ ಇನ್ನೊಂದು ಕಡೆ ಮೂಟೆಯ ಬೆಲೆಗೆ ಬಿಗಿಯಾಗಬಲ್ಲುದು.

ಈಗ ಆ ಕಂಪೆನಿ ಕ್ಯಾಡ್ಬರಿ ಮನೆತನದ್ದಲ್ಲ. 2010ರಲ್ಲಿ ಅಮೆರಿಕದ ಕ್ರಾಫ್ಟ್ ಸಂಸ್ಥೆ ಅದನ್ನು ಕೊಂಡಿತು. 2012ರಿಂದ ಅದು ಮಾಂಡಲೀಜ್ ಎಂಬ ಜಾಗತಿಕ ಆಹಾರ ಸಂಸ್ಥೆಯ ಭಾಗ. ಬ್ರಿಸ್ಟಲ್ ಬಳಿಯ ಸೋಮರ್‌ಡೇಲ್ ಕಾರ್ಖಾನೆಯನ್ನು ಮುಚ್ಚಗೊಡುವುದಿಲ್ಲವೆಂದು ಕೊಳ್ಳುವ ಮುನ್ನ ಭರವಸೆ ಕೊಟ್ಟಿದ್ದ ಕ್ರಾಫ್ಟ್, ಕೊಂಡ ಸುಮಾರು ಒಂದು ವಾರದಲ್ಲಿಯೇ ಅದನ್ನು ಮುಚ್ಚುವುದಾಗಿ ಸಾರಿತು. ಬ್ರಿಟನ್ನಿನ ಸಂಬಂಧಪಟ್ಟ ಮಂಡಲಿ ಬಹಿರಂಗವಾಗಿ ಛೀಮಾರಿ ಹಾಕಿತು. ಕಾರ್ಖಾನೆ ಮಾತ್ರ ಉಳಿಯಲಿಲ್ಲ. ಅದೇ ಬಿರುಗಾಳಿಯಲ್ಲಿ ಬೋರ್ನ್‌ವಿಲ್ಲಿನ ಒಂದು ಮನೆಯೂ ಅಲುಗಲಿಲ್ಲ. ಕಾರಣ, ಅದು ಕಂಪೆನಿಯ ಆಸ್ತಿಯೇ ಆಗಿರಲಿಲ್ಲ. 1900ರಲ್ಲಿ ಕೊಟ್ಟವನು ಕೈಬಿಟ್ಟು ಕೊಟ್ಟಿದ್ದನು. ಮಾಲೀಕನ ಬಾಯಿಯ ಮಾತಿಗೂ ಟ್ರಸ್ಟಿನ ಪತ್ರಕ್ಕೂ ಇರುವ ಅಂತರ ಇದೇ.

ಕಂಪೆನಿಗಳ ಸಾಂಸ್ಕೃತಿಕ ಪೋಷಣೆಯಲ್ಲಿಯೂ ಈ ಎರಡು ಬಗೆಗಳಿವೆ. 1996ರಿಂದ 2007ರವರೆಗೆ ಬ್ರಿಟನ್ನಿನ ಜನಪ್ರಿಯ ಟೆಲಿವಿಷನ್ ಧಾರಾವಾಹಿ ‘ಕೊರೊನೇಷನ್ ಸ್ಟ್ರೀಟ್’ಗೆ ಕ್ಯಾಡ್ಬರಿ ಪ್ರಾಯೋಜಕವಾಗಿತ್ತು. ನಮ್ಮಲ್ಲಿ 1972ರಲ್ಲಿ ಬಾನುಲಿಗೆ ಬಂದ ಬೋರ್ನ್‌ವಿಟಾ ರಸಪ್ರಶ್ನೆ, ಮೊದಲು ಹಮೀದ್ ಸಯಾನಿಯವರ, ಆಮೇಲೆ ಅಮೀನ್ ಸಯಾನಿಯವರ ದನಿಯಲ್ಲಿ, ಒಂದು ಪೀಳಿಗೆಯ ಶಾಲಾಮಕ್ಕಳನ್ನು ರೇಡಿಯೋ ಸುತ್ತ ಕೂರಿಸಿತು. ಅದರಿಂದ ಮಕ್ಕಳಿಗೆ ಲಾಭವಾಯಿತು, ಡಬ್ಬಿಯೂ ಮಾರಾಟವಾಯಿತು. ಇದು ದೋಷವಲ್ಲ, ವ್ಯಾಪಾರ. ವ್ಯಾಪಾರವನ್ನು ವ್ಯಾಪಾರವೆಂದು ಕರೆದರೆ ಯಾರಿಗೂ ಅವಮಾನವಿಲ್ಲ.

ಇನ್ನು ನಮ್ಮ ನಾಡಿಗೆ ಬರೋಣ. ಬೋರ್ನ್‌ವಿಲ್ಲಿಗೂ ದಕ್ಷಿಣ ಕನ್ನಡಕ್ಕೂ ಕೋಕೋ ಮರದ ನಂಟಿದೆ. 1948ರಲ್ಲಿ ಭಾರತಕ್ಕೆ ಬಂದ ಕ್ಯಾಡ್ಬರಿ, 1960ರ ದಶಕದಿಂದ ದಕ್ಷಿಣ ಭಾರತದಲ್ಲಿ ಕೋಕೋ ಬೆಳೆಯನ್ನು ಪ್ರೋತ್ಸಾಹಿಸಿತು. ಕರಾವಳಿಯ ಅಡಿಕೆ ತೋಟಗಳ ನೆರಳು ಆ ಗಿಡಕ್ಕೆ ಹಿತವಾಗಿತ್ತು. 1970ರ ದಶಕದಲ್ಲಿ ಜಗತ್ತಿನ ಮಾರುಕಟ್ಟೆಯಲ್ಲಿ ಬೆಲೆ ಏರಿತು, ಗಿಡಗಳು ಹಬ್ಬಿದವು. 1980ರ ಸುಮಾರಿಗೆ ಬೆಲೆ ಕುಸಿದಾಗ ಕೊಳ್ಳುವವರು ಹಿಂಜರಿದರು. ನೆಟ್ಟ ಕೈಗಳೇ ಗಿಡಗಳನ್ನು ಕಡಿಯುವಂತಾಯಿತು. ಆಗ ಮುಂದೆ ಬಂದುದು, ಅಡಿಕೆ ಬೆಳೆಗಾರರು 1973ರಲ್ಲಿ ಮಂಗಳೂರಿನಲ್ಲಿ ಕಟ್ಟಿಕೊಂಡ ಕ್ಯಾಂಪ್ಕೋ ಸಹಕಾರಿ ಸಂಸ್ಥೆ. ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ ಅದು ಕೋಕೋ ಕೊಳ್ಳತೊಡಗಿತು. ಕೊಂಡ ಬೀಜಕ್ಕೆ ನೆಲೆ ಬೇಕಲ್ಲವೆ? 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆಯೇ ಎದ್ದಿತು. ಉದ್ಘಾಟಿಸಿದವರು ರಾಷ್ಟ್ರಪತಿ ಗ್ಯಾನಿ ಜೈಲ್ ಸಿಂಗರು. ಆ ದುರ್ದಿನಗಳಲ್ಲಿ ರೈತನಿಗೆ ಬೇಕಾಗಿದ್ದುದು ಗಂಟೆಯ ಗೋಪುರವೂ ಅಲ್ಲ, ರಸಪ್ರಶ್ನೆಯೂ ಅಲ್ಲ. ಸೋಮವಾರ ತೆರೆದಿದ್ದ ಖರೀದಿಕೇಂದ್ರ ಮಂಗಳವಾರವೂ ತೆರೆದಿರುವುದು.

ಇದು ಹಳೆಯ ಮಾತಾಯಿತೆನ್ನುವಂತಿಲ್ಲ. ಪಶ್ಚಿಮ ಆಫ್ರಿಕದ ಕೋಕೋ ತೋಟಗಳಲ್ಲಿ ಬಾಲದುಡಿಮೆಯ ಅತ್ಯಂತ ಕೆಟ್ಟ ರೂಪಗಳನ್ನು 2005ರೊಳಗೆ ತೊಲಗಿಸುವೆವೆಂದು ಉದ್ಯಮದ ದೊಡ್ಡ ಕಂಪೆನಿಗಳು 2001ರಲ್ಲಿ ಒಪ್ಪಿಗೆ ಹಾಕಿದ್ದವು. ಗಡುವು ಮುಂದೆ ಮುಂದೆ ಹೋಯಿತು. ಷಿಕಾಗೋ ವಿಶ್ವವಿದ್ಯಾನಿಲಯದ ಸಂಸ್ಥೆಯೊಂದು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಐವರಿ ಕೋಸ್ಟ್ ಮತ್ತು ಘಾನಾಗಳ ಕೋಕೋ ಕೃಷಿಯಲ್ಲಿ ದುಡಿಯುತ್ತಿದ್ದ ಮಕ್ಕಳು 15 ಲಕ್ಷಕ್ಕೂ ಹೆಚ್ಚು. ಮಾಂಡಲೀಜ್ 2012ರಲ್ಲಿ ಹತ್ತು ವರ್ಷಗಳಿಗೆ 40 ಕೋಟಿ ಡಾಲರುಗಳ ‘ಕೋಕೋ ಲೈಫ್’ ಯೋಜನೆಯನ್ನು ಸಾರಿತು. ಶಾಲೆ, ತರಬೇತಿ, ಸಸಿಗಳು ಎಲ್ಲವೂ ಒಳ್ಳೆಯವೇ. ಆದರೆ ತಂದೆಗೆ ಬೀಜಕ್ಕೆ ತಕ್ಕ ಬೆಲೆ ಸಿಕ್ಕದಿದ್ದರೆ ಮಗುವಿನ ಕೈಯಿಂದ ಕತ್ತಿ ಇಳಿಯುವುದಾದರೂ ಹೇಗೆ?

ನಮ್ಮ ದೇಶದಲ್ಲಿ 2013ರ ಕಂಪೆನಿ ಕಾಯಿದೆಯು ದೊಡ್ಡ ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡರಷ್ಟನ್ನು ಸಮಾಜಕಾರ್ಯಕ್ಕೆ ವೆಚ್ಚಮಾಡಬೇಕೆಂದು ವಿಧಿಸಿದೆ. ಕಲೆ ಮತ್ತು ಸಂಸ್ಕೃತಿಯ ರಕ್ಷಣೆಯೂ ಆ ಪಟ್ಟಿಯಲ್ಲಿ ಸೇರಿದೆ. ಒಳ್ಳೆಯ ಕಾನೂನು. ಆ ಎರಡು ಭಾಗದ ಲೆಕ್ಕವನ್ನು ಕೇಳಲು ಅಧಿಕಾರಿಗಳಿದ್ದಾರೆ. ಲಾಭ ಹುಟ್ಟಿದ ಬಗೆಯನ್ನು, ಕೊಂಡ ಬೆಲೆಯನ್ನು, ದುಡಿದ ಕೈಯನ್ನು ವಿಚಾರಿಸುವ ಹೊಣೆ ಕೊಳ್ಳುವ ನಮ್ಮ ಮೇಲೂ ಇದೆ.

ಬೋರ್ನ್‌ವಿಲ್ಲಿಗೆ ಹೋಗುವ ಅವಕಾಶವಿದ್ದವರು ತಪ್ಪದೆ ಹೋಗಲಿ. ಶನಿವಾರವಾದರೆ ಹುಲ್ಲಿನ ಬಯಲಿನಲ್ಲಿ ಕುಳಿತು ಗಂಟೆಗಳ ಸಂಗೀತವನ್ನು ಕೇಳಲಿ; ಬೇಲಿಯಾಚೆಯ ಸೇಬಿನ ಗಿಡಗಳನ್ನು ನೋಡಲಿ; ಅವನ್ನು ನೆಡಿಸಿದ ಕ್ವೇಕರ್ ಗೃಹಸ್ಥನಿಗೆ ಮನಸಾರೆ ನಮಸ್ಕರಿಸಲಿ. 1990ರಿಂದ ಮಕ್ಕಳಿಗೆ ಅಚ್ಚುಮೆಚ್ಚಾದ ‘ಕ್ಯಾಡ್ಬರಿ ವರ್ಲ್ಡ್’ ಪ್ರದರ್ಶನಾಲಯವೂ ಕಾರ್ಖಾನೆಯ ಪಕ್ಕದಲ್ಲಿಯೇ ಇದೆ. ಅಲ್ಲಿಂದ ಚಾಕಲೇಟನ್ನು ಕೊಂಡು ಹೊರಬರುವಾಗ, ಈ ಬೀಜ ಯಾವ ನಾಡಿನದು, ಬೆಳೆದವನಿಗೆ ಏನು ಕೊಟ್ಟಿರಿ ಎಂದು ವಿನಯದಿಂದ ಒಂದು ಮಾತು ಕೇಳಿದರೆ ತಪ್ಪಾಗದು.